ಎಡಕ್ಕೆ ಎಳೆಯುವ ಕಾರು

ಧರ್ಮಸ್ಥಳಕ್ಕೆ ಯಾತ್ರೆ ಹೋದ ಕುಟುಂಬಗಳು ಮಂಜುನಾಥನ ದರ್ಶನವನ್ನೂ ಊಟವನ್ನೂ ಮುಗಿಸಿದ ಮೇಲೆ ಸಾಮಾನ್ಯವಾಗಿ ನೋಡಿ ಬರುವ ಸ್ಥಳಗಳಲ್ಲಿ ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯವೂ ಒಂದು. ಬೆಳ್ತಂಗಡಿ ತಾಲ್ಲೂಕಿನ ಆ ಕ್ಷೇತ್ರದಲ್ಲಿ ಸಾಲಾಗಿ ನಿಂತಿರುವ ವಾಹನಗಳ ಹೊಳಪು, ದೊಡ್ಡ ಕಣ್ಣಿನಂಥ ದೀಪಗಳು, ಚರ್ಮ ಹೊದಿಸಿದ ಆಸನಗಳು ಹಿರಿಯರಿಗೆ ಗತಕಾಲವನ್ನು ಕಣ್ಣಮುಂದೆ ತಂದು ನಿಲ್ಲಿಸುತ್ತವೆ. ಮಕ್ಕಳಿಗಾದರೋ ಹುಟ್ಟುವುದು ಒಂದೇ ಪ್ರಶ್ನೆ: “ಇದು ಈಗಲೂ ಓಡುತ್ತದೆಯೆ?”

ಪ್ರಶ್ನೆ ಮಗುವಿನದಾದರೂ ಉತ್ತರ ಅಷ್ಟು ಸುಲಭದ್ದಲ್ಲ. ಎಂಜಿನಿಗೆ ಪೆಟ್ರೋಲು ಕುಡಿಸಿ ಗುಡುಗಿಸಿದ ಮಾತ್ರಕ್ಕೆ ಹಳೆಯ ಕಾರು ಓಡಿತೆಂದು ಹೇಳಲಾಗದು. ಅದು ನೇರವಾದ ದಾರಿಯಲ್ಲಿ ನೇರವಾಗಿ ಹೋಗಬೇಕು, ತಿರುಗಿಸಿದಲ್ಲಿ ತಿರುಗಬೇಕು, ತಿರುವು ಕಳೆದೊಡನೆ ಚಾಲಕನು ಒತ್ತಾಯಿಸದೆಯೇ ಮರಳಿ ನೇರಕ್ಕೆ ಬರಬೇಕು, ಹೊಂಡ ಬಿದ್ದ ರಸ್ತೆಯಲ್ಲಿ ಚಕ್ರ ನೆಲವನ್ನು ಬಿಡಕೂಡದು. ಇವೆಲ್ಲವೂ ನಡೆಯುವುದು ಬಣ್ಣ ಬಳಿದ ತಗಡಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕೀಲುಗಳಲ್ಲಿ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಹಳೆಯ ಕಾರುಗಳ ವಿಷಯದಲ್ಲಿ ಎಷ್ಟೋ ಸಲ ಅಕ್ಷರಶಃ ನಿಜವಾಗುತ್ತದೆ.

ವಚನಕಾರ ದೇವರ ದಾಸಿಮಯ್ಯನು ಮನುಷ್ಯನ ಒಡಲನ್ನು ಬಂಡಿಗೆ ಹೋಲಿಸಿದಾಗ ಅವನ ದೃಷ್ಟಿ ಹೋದುದು ಎತ್ತಿನ ಕಡೆಗಲ್ಲ, ನೊಗದ ಕಡೆಗೂ ಅಲ್ಲ. ಅಚ್ಚಿನ ತುದಿಯಲ್ಲಿ ನಿಂತು ಚಕ್ರ ಕಳಚದಂತೆ ಕಾಯುವ ಕಡೆಗೀಲಿನ ಕಡೆಗೆ. ಕಿರುಬೆರಳಿನಷ್ಟು ಗಾತ್ರದ ಆ ಕೀಲು ಬಿದ್ದುಹೋದರೆ ಬಂಡಿಯೂ ಇಲ್ಲ, ಪಯಣವೂ ಇಲ್ಲ. ಮೋಟಾರು ಕಾರಿಗೂ ಇಂಥ ಕಡೆಗೀಲುಗಳಿವೆ. ಅವುಗಳಲ್ಲಿ ಒಂದು ಸವೆದರೂ ಕಾರು ತನ್ನದೇ ಭಾಷೆಯಲ್ಲಿ ದೂರು ಹೇಳತೊಡಗುತ್ತದೆ. ಆ ದೂರನ್ನು ಅರ್ಥಮಾಡಿಕೊಳ್ಳುವುದು ಹೇಗೆಂಬುದೇ ಈ ವಾರದ ವಿಷಯ.

ಉದಾಹರಣೆಗಾಗಿ ಬ್ರಿಟನ್ನಿನ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳಬಹುದು. 1962ರಲ್ಲಿ ಹುಟ್ಟಿ 1980ರವರೆಗೆ ತಯಾರಾಗುತ್ತಿದ್ದ ಈ ಕಾರಿನಲ್ಲಿ ಇಬ್ಬರಿಗೆ ಮಾತ್ರ ಎಡೆ. ತಲೆಯ ಮೇಲೆ ಮಡಚುವ ಬಟ್ಟೆಯ ಸೂರು. ಇದು ಕನ್ನಡ ನಾಡಿಗೆ ತೀರ ಅಪರಿಚಿತವೆಂದು ತಿಳಿಯಬೇಕಾಗಿಲ್ಲ. ಇದರ ಅಣ್ಣನೆನ್ನಬಹುದಾದ ಹೆರಾಲ್ಡ್ ಕಾರು ಬ್ರಿಟನ್ನಿನಲ್ಲಿ 1959ರಲ್ಲಿ ಹೊರಬಂದಿತು. 1961ರಿಂದ ಅದನ್ನೇ ಮದರಾಸಿನ, ಎಂದರೆ ಇಂದಿನ ಚೆನ್ನೈಯ, ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂಬ ಹೆಸರಿನಿಂದ ತಯಾರಿಸಿತು. ಅಂಬಾಸಡರ್, ಫಿಯೆಟ್ ಕಾರುಗಳೊಡನೆ ಒಂದು ತಲೆಮಾರಿನ ಮಧ್ಯಮವರ್ಗದ ಮನೆಗಳ ಅಂಗಳದಲ್ಲಿ ನಿಂತುದು ಈ ಹೆರಾಲ್ಡ್. ಎರಡರ ರೂಪವನ್ನೂ ರಚಿಸಿದವನು ಇಟಲಿಯ ಜೋವಾನಿ ಮಿಕೆಲೊಟ್ಟಿ. ರೂಪ ಬೇರೆಯಾದರೂ ಮುಂದಿನ ಚಕ್ರಗಳನ್ನು ಹೊತ್ತ ಕೈಕಾಲುಗಳ ಕಟ್ಟು ಎರಡಕ್ಕೂ ಬಹುಮಟ್ಟಿಗೆ ಒಂದೇ. ಆದುದರಿಂದ ತಮ್ಮನ ರೋಗಕ್ಕೆ ಹೇಳುವ ಮಾತು ಅಣ್ಣನಿಗೂ ಸಲ್ಲುತ್ತದೆ.

ಇನ್ನು ಒಂದು ಊಹೆಯ ಸಂಸಾರವನ್ನು ಕಣ್ಣಮುಂದೆ ಇಟ್ಟುಕೊಂಡರೆ ವಿಷಯ ಸುಗಮವಾಗುತ್ತದೆ. ಮೂಡಬಿದಿರೆಯಲ್ಲಿ ಒಬ್ಬ ತರುಣ. ಅವನ ಅಜ್ಜ ಒಂದು ಕಾಲದಲ್ಲಿ ಆಸೆಯಿಂದ ಕೊಂಡಿದ್ದ ಕೆಂಪು ಸ್ಪಿಟ್‌ಫೈರ್ ಹಲವು ವರ್ಷ ಕೊಟ್ಟಿಗೆಯಲ್ಲಿ ಹುಲ್ಲಿನ ಮೆದೆಯ ಪಕ್ಕದಲ್ಲಿ ನಿಂತಿತ್ತು. ತರುಣನು ಸಂಬಳ ಕೂಡಿಸಿ ಎಂಜಿನು ಸರಿಮಾಡಿಸಿದನು, ಬಣ್ಣ ಹಾಕಿಸಿದನು. ತಾಯಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ವೇಣೂರು, ಬೆಳ್ತಂಗಡಿಗಳ ದಾರಿಯಾಗಿ ಧರ್ಮಸ್ಥಳಕ್ಕೆ ಹೋಗಬೇಕು, ಅಲ್ಲಿಂದ ಚಾರ್ಮಾಡಿ ಘಾಟಿಯನ್ನು ಹತ್ತಿ ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಬರಬೇಕೆಂಬುದು ಅವನ ಹಂಬಲ. ತಂದೆಯ ಕಾರಿನಲ್ಲಿ ಮತ್ತೊಮ್ಮೆ ಕುಳಿತುಕೊಳ್ಳುವುದೆಂದರೆ ತಾಯಿಗೂ ಒಳಗೊಳಗೇ ಸಂತೋಷ.

ಆದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಅಲೈನ್‌ಮೆಂಟ್ ಕೆಟ್ಟಿದೆಯೆಂದು ತಿಳಿದ ತರುಣನು ಪೇಟೆಯ ಒಂದು ಅಂಗಡಿಗೆ ಕೊಂಡೊಯ್ದನು. ಅಲ್ಲಿನ ಕಂಪ್ಯೂಟರು ಯಂತ್ರ ನಾಲ್ಕು ಚಕ್ರಗಳಿಗೂ ಕನ್ನಡಿ ಕಟ್ಟಿ ಅಳೆಯಿತು. ಹುಡುಗರು ಒಂದೆರಡು ನಟ್ಟುಗಳನ್ನು ತಿರುಗಿಸಿದರು. ಅಂಕಿಗಳೆಲ್ಲ ಹಸಿರಾದ ಒಂದು ಕಾಗದವನ್ನು ಯಂತ್ರ ಮುದ್ರಿಸಿಕೊಟ್ಟಿತು. ತರುಣನು ಹಣ ಕೊಟ್ಟು ಸಮಾಧಾನದಿಂದ ಮನೆಗೆ ಬಂದನು. ಎರಡು ವಾರ ಕಳೆಯುವುದರೊಳಗೆ ಕಾರು ಮತ್ತೆ ಎಡಕ್ಕೆ ಎಳೆಯತೊಡಗಿತು.

ಇದೇ ಸಾವಿರಾರು ಮಂದಿ ಹಳೆಯ ಕಾರಿನ ಒಡೆಯರು ಮಾಡುವ ತಪ್ಪು. ಅದನ್ನು ಅರಿಯಬೇಕಾದರೆ ಮೊದಲು ಅಲೈನ್‌ಮೆಂಟ್ ಎಂದರೇನೆಂಬುದನ್ನು ತಿಳಿಯಬೇಕು. ಚಕ್ರದ ನಿಲುವಿನಲ್ಲಿ ಮುಖ್ಯವಾದ ಕೋನಗಳು ಮೂರು. ನೆಟ್ಟಗೆ ನಿಂತ ಮನುಷ್ಯನು ಪಾದಗಳ ಹೆಬ್ಬೆರಳುಗಳನ್ನು ಒಳಕ್ಕೆ ತಿರುಗಿಸಿ ನಿಂತಂತೆ ಎರಡು ಚಕ್ರಗಳ ಮುಂದಂಚು ಒಂದಕ್ಕೊಂದು ಸಮೀಪವಾಗಿದ್ದರೆ ಅದು ಟೋ-ಇನ್. ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಕಾರಿನ ಮುಂದೆ ನಿಂತು ನೋಡಿದಾಗ ಚಕ್ರವು ತೆಂಗಿನ ಮರದಂತೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಮೂರನೆಯದಾದ ಕ್ಯಾಸ್ಟರ್ ಸುಲಭವಾಗಿ ಕಾಣದು. ಸೈಕಲ್ಲಿನ ಮುಂದಿನ ಕವೆ ಹಿಂದಕ್ಕೆ ಓರೆಯಾಗಿರುವುದನ್ನು ನೆನೆದರೆ ಸಾಕು. ಆ ಓರೆಯ ಬಲದಿಂದಲೇ ಓಡುವ ಸೈಕಲ್ಲು ನೇರವಾಗಿರಲು ಹವಣಿಸುತ್ತದೆ. ಕಾರಿನ ಸ್ಟಿಯರಿಂಗು ತಿರುವಿನ ಬಳಿಕ ಮರಳಿ ನೇರಕ್ಕೆ ಬರುವುದರಲ್ಲಿಯೂ ಮುಖ್ಯ ಪಾತ್ರ ಇದರದೇ.

ಈ ಕೋನಗಳ ಅಳತೆ ಅತ್ಯಲ್ಪ. ಸ್ಪಿಟ್‌ಫೈರಿನಂಥ ಕಾರಿಗೆ ಬೇಕಾದ ಟೋ-ಇನ್ ಒಂದೆರಡು ಮಿಲಿಮೀಟರುಗಳಷ್ಟು ಮಾತ್ರ. ಅಲ್ಪವೆಂದು ಅಲಕ್ಷಿಸಿದರೆ ದಂಡ ದೊಡ್ಡದು. ಹದಿಮೂರು ಅಂಗುಲದ ಚಕ್ರದ ಅಂಚಿನಲ್ಲಿ ಒಟ್ಟು 6 ಮಿಲಿಮೀಟರಿನಷ್ಟು ತಪ್ಪು ಟೋ ಇದ್ದರೆ, ಲೆಕ್ಕ ಹಾಕಿದಾಗ, ಕಾರು ಒಂದು ಕಿಲೋಮೀಟರು ಮುಂದೆ ಹೋಗುವಷ್ಟರಲ್ಲಿ ಮುಂದಿನ ಒಂದೊಂದು ಟಯರೂ ಸುಮಾರು 8 ಮೀಟರು ದೂರ ಅಡ್ಡಕ್ಕೆ ಉಜ್ಜಿಕೊಂಡ ಹಾಗಾಗುತ್ತದೆ. ಅರೆಯುವ ಕಲ್ಲಿನ ಮೇಲೆ ಅರಿಸಿನದ ಕೊಂಬನ್ನು ಉಜ್ಜಿದಂತೆ ಟಯರು ಸವೆದುಹೋಗುವುದರಲ್ಲಿ ಆಶ್ಚರ್ಯವೇನಿದೆ?

ಆದರೆ ಈ ಕೋನಗಳು ಗಾಳಿಯಲ್ಲಿ ನಿಂತಿರುವುದಿಲ್ಲ. ಅವು ನಿಂತಿರುವುದು ಕೀಲು, ಬುಷ್, ಬೇರಿಂಗುಗಳ ಆಧಾರದ ಮೇಲೆ. ಆಧಾರವೇ ಸಡಿಲವಾಗಿದ್ದರೆ ಅಂಗಡಿಯಲ್ಲಿ ನಿಂತಾಗ ಇದ್ದ ಕೋನ ಬೇರೆ, ಹೊಂಡಕ್ಕೆ ಇಳಿದಾಗಿನ ಕೋನ ಬೇರೆ, ಬ್ರೇಕು ಒತ್ತಿದಾಗಿನ ಕೋನ ಇನ್ನೂ ಬೇರೆ. ಸೊಂಟ ಮುರಿದವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆದಂತೆ ಆ ಹಸಿರು ಕಾಗದದ ಕಥೆ.

ಕೊನೆಗೆ ತರುಣನು ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬಂದನು. ನೇತ್ರಾವತಿಯಿಂದ ಅನತಿದೂರದಲ್ಲಿ ಹಲಸಿನ ಮರದ ನೆರಳಿನಲ್ಲಿ ಒಂದು ಚಿಕ್ಕ ವರ್ಕ್‌ಷಾಪು; ಅದರ ಮೇಸ್ತ್ರಿ ಹೆರಾಲ್ಡ್ ಕಾರುಗಳ ಕೆಳಗೆ ಮಲಗಿಯೇ ಕೆಲಸ ಕಲಿತ ವೃದ್ಧ. ಅವನು ಹಸಿರು ಕಾಗದವನ್ನು ನೋಡಿ ಮಡಚಿ ಹಿಂದಕ್ಕೆ ಕೊಟ್ಟನು.

“ಯಂತ್ರ ಸುಳ್ಳು ಹೇಳಿಲ್ಲ,” ಎಂದನು ಮೇಸ್ತ್ರಿ. “ಚಕ್ರ ಆ ಹೊತ್ತಿಗೆ ಎಲ್ಲಿತ್ತೆಂದು ಕೇಳಿದಿರಿ, ಹೇಳಿತು. ಅಲ್ಲಿಯೇ ಇರುತ್ತದೆಯೇ ಎಂದು ಯಾರೂ ಕೇಳಲಿಲ್ಲ.”

ಅವನು ಮೊದಲು ಕೈಗೆತ್ತಿಕೊಂಡುದು ಸ್ಪ್ಯಾನರನ್ನಲ್ಲ, ಗಾಳಿಯ ಒತ್ತಡ ಅಳೆಯುವ ಕಡ್ಡಿಯನ್ನು. ಎರಡು ಮುಂದಿನ ಟಯರುಗಳ ಒತ್ತಡ ಸಮನಾಗಿಲ್ಲದಿದ್ದರೆ ಕಾರು ಕಡಿಮೆ ಗಾಳಿಯ ಕಡೆಗೆ ವಾಲುವುದು ಸಹಜ. ಒತ್ತಡ ಸರಿಯಾಗಿತ್ತು. ಬಳಿಕ ಟಯರಿನ ಮೈಯನ್ನು ಓದಿದನು. ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಕಡಿಮೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಕ್ಯಾಂಬರಿನ ಮೇಲೆ ಸಂಶಯ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಬಿದ್ದಿದ್ದರೆ ಶಾಕ್ ಅಬ್ಸಾರ್ಬರು ಸತ್ತಿದೆಯೆಂದೋ ಚಕ್ರದ ತೂಕ ಸಮವಾಗಿಲ್ಲವೆಂದೋ ತಿಳಿಯಬೇಕು. ಟೋ ತಪ್ಪಿದ್ದರೆ ಕಣ್ಣಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ: ಟಯರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪು, ಮರುದಿಕ್ಕಿಗೆ ಗರಗಸದ ಹಲ್ಲಿನಂತೆ ತರಕಲು.

ಹಳೆಯ ಕಾರಿನ ಟಯರಿನಲ್ಲಿ ನೋಡಬೇಕಾದ ಇನ್ನೊಂದು ಸಂಗತಿಯುಂಟು. ಅದು ಹೆಚ್ಚು ಓಡಿರುವುದಿಲ್ಲವಾದ್ದರಿಂದ ಗೀರುಗಳು ಆಳವಾಗಿಯೇ ಇರುತ್ತವೆ. ಆದರೆ ರಬ್ಬರು ವಯಸ್ಸಿನಿಂದಲೇ ಗಟ್ಟಿಯಾಗಿ ಬಿರಿದಿರುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2000ನೆಯ ಇಸವಿಯಿಂದೀಚೆಗೆ ಈ ಕ್ರಮ ಬಳಕೆಯಲ್ಲಿದೆ. ಮೂರೇ ಅಂಕಿಗಳಿದ್ದರೆ ಆ ಟಯರು ಅದಕ್ಕೂ ಹಿಂದಿನದೆಂದು ತಿಳಿದು ಕಿತ್ತೆಸೆಯತಕ್ಕದ್ದು.

ಮೇಸ್ತ್ರಿ ಎಡದ ಚಕ್ರವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿಸಿ ಸ್ವಲ್ಪ ದೂರ ಓಡಿಸಿ ಬರಲು ಹೇಳಿದನು. ಎಳೆತವು ಬಲಕ್ಕೆ ಬದಲಾಗಿದ್ದರೆ ಅಪರಾಧಿ ಟಯರೇ. ಬದಲಾಗಲಿಲ್ಲ. ಓಡಿ ಬಂದ ಕಾರಿನ ಚಕ್ರಗಳ ನಡುವಿಗೆ ಅಂಗೈಯನ್ನು ಸಮೀಪದಲ್ಲಿ ಹಿಡಿದು ಶಾಖವನ್ನು ಹೋಲಿಸಿದನು. ಒಂದು ಚಕ್ರ ಮಾತ್ರ ಕಾದಿದ್ದರೆ ಅದರ ಬ್ರೇಕು ಬಿಡದೆ ಹಿಡಿದುಕೊಂಡಿದೆಯೆಂದು ಅರ್ಥ. ಶಾಖವೂ ಸಮನಾಗಿತ್ತು. ಸಮನೆಲದ ಮೇಲೆ ನಿಲ್ಲಿಸಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದಾಗ ಬಲಭಾಗ ತುಸು ತಗ್ಗಿತ್ತು. ಹಲವು ವರ್ಷ ಚಾಲಕನೊಬ್ಬನೇ ಕುಳಿತು ಓಡಿಸಿದ ಕಾರಿನಲ್ಲಿ ಬಲದ ಸ್ಪ್ರಿಂಗು ಹೆಚ್ಚು ಕುಸಿದಿರುವುದು ವಿಚಿತ್ರವೇನಲ್ಲ. ಒಂದೊಂದು ಮೂಲೆಯನ್ನೂ ಒತ್ತಿ ಬಿಟ್ಟನು. ಕಾರು ಒಮ್ಮೆ ಮೇಲೆದ್ದು ನಿಂತುಬಿಟ್ಟಿತು. ದೋಣಿಯಂತೆ ಮತ್ತೆ ಮತ್ತೆ ತೂಗಲಿಲ್ಲ. ಶಾಕ್ ಅಬ್ಸಾರ್ಬರುಗಳು ಚೆನ್ನಾಗಿದ್ದುವು.

ಇಷ್ಟಾದ ಮೇಲೆ ಮೇಸ್ತ್ರಿ ಒಂದು ಪ್ರಶ್ನೆ ಕೇಳಿದನು: “ಎಡಕ್ಕೆ ಎಳೆಯುವುದು ಯಾವಾಗ? ನೇರ ರಸ್ತೆಯಲ್ಲಿಯೋ, ತಿರುವು ಕಳೆದ ಮೇಲೆಯೋ?”

ತರುಣನು ಉತ್ತರ ಹೇಳಲಾರದೆ ಹೋದನು. ಇಬ್ಬರೂ ಕಾರಿನಲ್ಲಿ ಕುಳಿತು ಮತ್ತೆ ಹೊರಟರು. ಎಡದ ತಿರುವು ಕಳೆದ ಮೇಲೆ ಸ್ಟಿಯರಿಂಗು ಎಡದಲ್ಲಿಯೇ ಉಳಿಯುತ್ತಿತ್ತು. ಬಲದ ತಿರುವು ಕಳೆದ ಮೇಲೆ ಬಲದಲ್ಲಿ ಉಳಿಯುತ್ತಿತ್ತು. ಅದು ಎಡಕ್ಕೆ ಎಳೆಯುವ ಕಾರೇ ಆಗಿರಲಿಲ್ಲ! ಮಳೆಯ ನೀರು ಹರಿದುಹೋಗಲೆಂದು ರಸ್ತೆಯ ಬೆನ್ನನ್ನು ನಡುವಿನಲ್ಲಿ ಉಬ್ಬಿಸಿ ಅಂಚುಗಳನ್ನು ತಗ್ಗಿಸಿರುತ್ತಾರೆ. ಎಡಗಡೆಯಲ್ಲಿ ಸಂಚರಿಸುವ ಈ ದೇಶದಲ್ಲಿ ಎಲ್ಲ ಕಾರುಗಳೂ ಅಷ್ಟಿಷ್ಟು ಎಡಕ್ಕೆ ಜಾರುತ್ತವೆ. ಆ ಸಹಜವಾದ ಜಾರಿಕೆಯೊಡನೆ ಬೇರೊಂದು ರೋಗ ಸೇರಿಕೊಂಡು ಮೋಸ ಮಾಡಿತ್ತು. ತಿರುಗಿಸಿದಲ್ಲಿಯೇ ನಿಲ್ಲುವ ಚಕ್ರವೆಂದರೆ ಅದನ್ನು ಹೊತ್ತ ಕೀಲು ಎಲ್ಲಿಯೋ ಬಿಗಿದುಕೊಂಡಿದೆಯೆಂದು ಅರ್ಥ.

ಮೇಸ್ತ್ರಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಷಾಸಿಯ ಕೆಳಗೆ ಭದ್ರವಾದ ಉಕ್ಕಿನ ಆಧಾರಗಳನ್ನಿಟ್ಟನು. ಜ್ಯಾಕನ್ನು ಮಾತ್ರ ನಂಬಿ ಕಾರಿನ ಕೆಳಗೆ ತಲೆ ತೂರಿಸಬಾರದೆಂಬುದು ಈ ವಿದ್ಯೆಯ ಮೊದಲನೆಯ ಪಾಠ. ಅನಂತರ ಎಡ ಚಕ್ರವನ್ನು ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಗಳ ಸ್ಥಾನದಲ್ಲಿ ಹಿಡಿದು ಅಲುಗಿಸಿದನು. ಅಲ್ಲಿ ಅಲುಗಿದ್ದರೆ ಸ್ಟಿಯರಿಂಗಿನ ಟೈ ರಾಡ್ ತುದಿಯೋ ರ‍್ಯಾಕೋ ಸವೆದಿರಬೇಕು, ಅಲುಗಲಿಲ್ಲ. ಹನ್ನೆರಡು ಮತ್ತು ಆರು ಗಂಟೆಗಳ ಸ್ಥಾನದಲ್ಲಿ ಹಿಡಿದಾಗ ಮಾತ್ರ ‘ಟಕ್’ ಎಂದು ಸಣ್ಣ ಸದ್ದಾಯಿತು. ಇದು ಚಕ್ರದ ಬೇರಿಂಗಿನ ಸಡಿಲವೂ ಆಗಿರಬಹುದಷ್ಟೆ. ತರುಣನನ್ನು ಬ್ರೇಕು ಒತ್ತಿ ಹಿಡಿಯುವಂತೆ ಹೇಳಿ ಮತ್ತೆ ಅಲುಗಿಸಿದನು. ಬೇರಿಂಗು ಸಡಿಲವಾಗಿದ್ದರೆ ಬ್ರೇಕು ಒತ್ತಿದಾಗ ಸದ್ದು ನಿಲ್ಲಬೇಕು. ನಿಲ್ಲಲಿಲ್ಲ. ರೋಗ ಬೇರಿಂಗಿನಿಂದಲೂ ಒಳಗಡೆ ಇತ್ತು.

ಟೈ ರಾಡನ್ನು ಬಿಚ್ಚಿ ಎರಡು ಚಕ್ರಗಳನ್ನೂ ಒಂದೊಂದಾಗಿ ಕೈಯಿಂದ ಎಡಬಲಕ್ಕೆ ತಿರುಗಿಸಿದನು. ಬಲದ್ದು ಬೆಣ್ಣೆಯಲ್ಲಿ ಕೈಯಾಡಿಸಿದಂತೆ ತಿರುಗಿತು. ಎಡದ್ದು ಅರ್ಧಕ್ಕೆ ಬಂದು ಕಚ್ಚಿಕೊಂಡಿತು.

ಇಲ್ಲಿ ಸ್ಪಿಟ್‌ಫೈರ್ ಮತ್ತು ಹೆರಾಲ್ಡ್‌ಗಳ ಕಡೆಗೀಲನ್ನು ಓದುಗರಿಗೆ ಪರಿಚಯಿಸಬೇಕು. ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ನೆಟ್ಟಗಂಬದ ಮೇಲ್ತುದಿಯಲ್ಲಿ ಬಾಲ್ ಜಾಯಿಂಟ್ ಇರುತ್ತದೆ. ಕೆಳತುದಿಯಲ್ಲಿ ತಿರುಪಿನ ಗೀರುಗಳಿದ್ದು ಅದು ಕಂಚಿನಂಥ ಲೋಹದ ಒಂದು ಗಟ್ಟಿಯೊಳಗೆ ತಿರುಪಿಕೊಂಡು ಕೂತಿರುತ್ತದೆ. ಈ ಗಟ್ಟಿಗೆ ಟ್ರನಿಯನ್ ಎಂದು ಹೆಸರು. ಸ್ಟಿಯರಿಂಗು ತಿರುಗಿದಾಗಲೆಲ್ಲ ಕಂಬವು ಈ ತಿರುಪಿನಲ್ಲಿಯೇ ತಿರುಗಬೇಕು. ಅದಕ್ಕೆ ಗೇರ್‌ಬಾಕ್ಸಿಗೆ ಹಾಕುವಂಥ 90ನೆಯ ದರ್ಜೆಯ ಮಂದವಾದ ಎಣ್ಣೆಯನ್ನು ಊಡಬೇಕೆಂಬುದು ತಯಾರಕರ ಸೂಚನೆ. ಆದರೆ ಎಣ್ಣೆ ಊಡುವ ರಂಧ್ರ ಗ್ರೀಸಿನ ರಂಧ್ರದಂತೆಯೇ ಕಾಣುವುದರಿಂದ ಎಷ್ಟೋ ಕಡೆ ಅಲ್ಲಿಗೆ ಗ್ರೀಸನ್ನೇ ತುಂಬುತ್ತಾರೆ. ಗ್ರೀಸು ಕಾಲಾಂತರದಲ್ಲಿ ಒಣಗಿ ಗಟ್ಟಿಯಾಗುತ್ತದೆ. ತಿರುಪಿನ ತಳದವರೆಗೆ ಇಳಿಯುವುದಿಲ್ಲ. ರಬ್ಬರಿನ ಮುಚ್ಚಳ ಹರಿದಿದ್ದರಂತೂ ನೀರು ಒಳಸೇರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ದಕ್ಷಿಣ ಕನ್ನಡದಲ್ಲಿ ನೀರಿಗೇನು ಬರವೆ?

ಮೇಸ್ತ್ರಿ ಕೀಲನ್ನು ಬಿಚ್ಚಿ ಕಂಬವನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದನು. ತಿರುಪಿನ ಗೀರುಗಳ ಮೇಲೆ ಕಂದುಬಣ್ಣದ ತುಕ್ಕು. ಗೀರು ಮುಗಿಯುವಲ್ಲಿ ಉಗುರಿಗೆ ತಾಗಿಯೂ ತಾಗದಂಥ ಒಂದು ಗೆರೆ. ಕೆಂಪು ಶಾಯಿಯಂಥ ದ್ರವವನ್ನು ಹಚ್ಚಿ, ಒರಸಿ, ಬಿಳಿಯ ಪುಡಿಯನ್ನು ಚಿಮುಕಿಸಿದನು. ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ರೇಖೆ ಮೆಲ್ಲನೆ ಮೂಡಿತು. ಬಿರುಕು!

ತರುಣನು ಬಹಳ ಹೊತ್ತು ಮಾತನಾಡಲಿಲ್ಲ. ಕಚ್ಚಿಕೊಂಡ ತಿರುಪನ್ನು ಸ್ಟಿಯರಿಂಗು ಬಲವಂತವಾಗಿ ತಿರುಗಿಸಿದಾಗಲೆಲ್ಲ ಕಂಬವು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಕೊನೆಗೊಂದು ದಿನ ಅದು ಮುರಿದು ಚಕ್ರ ಮಡಿಚಿ ಬೀಳುತ್ತದೆ. ಅದೃಷ್ಟವಂತರಿಗೆ ಇದು ಮನೆಯ ಅಂಗಳದಲ್ಲಿ ಕಾರನ್ನು ತಿರುಗಿಸುವಾಗ ಸಂಭವಿಸುತ್ತದೆ. ಚಾರ್ಮಾಡಿಯ ತಿರುವಿನಲ್ಲಿ, ಒಂದು ಕಡೆ ಬಂಡೆ ಒಂದು ಕಡೆ ಪ್ರಪಾತವಿರುವಲ್ಲಿ, ತಾಯಿ ಪಕ್ಕದಲ್ಲಿ ಕುಳಿತಿರುವಾಗ ಸಂಭವಿಸಿದ್ದರೆ? ಜೇಬಿನಲ್ಲಿದ್ದ ಹಸಿರು ಕಾಗದ ಆಗ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಹಳೆಯ ಭಾಗಗಳಿಗೆ ಬದಲಾಗಿ ಹೊಸವು ಇಂದಿಗೂ ಬ್ರಿಟನ್ನಿನಿಂದ ದೊರೆಯುತ್ತವೆ. ಕಂಬ, ಟ್ರನಿಯನ್ನುಗಳನ್ನು ಕೊಳ್ಳುವಾಗ ಎಡದ್ದೇ ಬೇರೆ, ಬಲದ್ದೇ ಬೇರೆ ಎಂಬುದನ್ನು ಮರೆಯಬಾರದು. ಎರಡರ ತಿರುಪುಗಳ ದಿಕ್ಕು ವಿರುದ್ಧವಾದುದು. ಮೇಸ್ತ್ರಿ ಎರಡು ಪಕ್ಕದ ಕಂಬ, ಟ್ರನಿಯನ್ನುಗಳನ್ನೂ ಕೆಳಗಿನ ಕೈಗಳ ರಬ್ಬರ್ ಬುಷ್‌ಗಳನ್ನೂ ಬದಲಾಯಿಸಿದನು. ಬುಷ್‌ಗಳ ಬೋಲ್ಟುಗಳನ್ನು ಮಾತ್ರ ಕಾರು ಎತ್ತಿರುವಾಗ ಪೂರ್ತಿ ಬಿಗಿಯಲಿಲ್ಲ. ಚಕ್ರಗಳು ನೆಲಕ್ಕಿಳಿದು ಕಾರು ತನ್ನ ಭಾರದಲ್ಲಿ ಕೂತ ಮೇಲೆಯೇ ಬಿಗಿದನು. ಚಕ್ರ ಜೋತಾಡುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸುರುಳಿ ಸ್ಪ್ರಿಂಗನ್ನು ಬಿಚ್ಚುವ ಕೆಲಸವನ್ನು ಮನೆಯಲ್ಲಿ ಯಾರೂ ಮಾಡತಕ್ಕದ್ದಲ್ಲ. ಅಮುಕಿಟ್ಟ ಸ್ಪ್ರಿಂಗು ಸಿಡಿದರೆ ಪ್ರಾಣಾಪಾಯ.

ಇಷ್ಟೆಲ್ಲ ಆದ ಮೇಲೆ, ಎಲ್ಲಕ್ಕಿಂತ ಕೊನೆಯಲ್ಲಿ, ಅಲೈನ್‌ಮೆಂಟಿನ ಸರದಿ ಬಂದಿತು. ಅದಕ್ಕೆ ಬೇಕಾದುದು ಕಲ್ಲುಕುಟಿಗರ ಎರಡು ಉಪಕರಣಗಳು: ತೂಗುಗುಂಡು ಮತ್ತು ದಾರ. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ ಬೆಳೆದ ತರುಣನಿಗೆ ನೇರವಾದ ಕಂಬವೆಂದರೇನೆಂದು ಹೇಳಿಕೊಡಬೇಕಾಗಿರಲಿಲ್ಲ. ಚಕ್ರದ ಪಕ್ಕದಲ್ಲಿ ತೂಗುಗುಂಡನ್ನು ಇಳಿಬಿಟ್ಟು ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ಇರುವ ದೂರಗಳನ್ನು ಅಳೆದರೆ ಕ್ಯಾಂಬರ್ ತಿಳಿಯುತ್ತದೆ. ಹದಿಮೂರು ಅಂಗುಲದ ಚಕ್ರದಲ್ಲಿ ಸುಮಾರು 6 ಮಿಲಿಮೀಟರು ವ್ಯತ್ಯಾಸವಾದರೆ ಒಂದು ಡಿಗ್ರಿಯೆಂದು ಲೆಕ್ಕ. ಈ ಕಾರಿನಲ್ಲಿ ಕೆಳಗಿನ ಕೈಯ ಬುಡಕ್ಕೂ ಷಾಸಿಗೂ ನಡುವೆ ತೆಳುವಾದ ತಗಡುಗಳನ್ನು ಸೇರಿಸಿ ಅಥವಾ ತೆಗೆದು ಅದನ್ನು ಸರಿಪಡಿಸಬೇಕು. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುವುದರಿಂದ ಟೋವನ್ನು ಕೊನೆಗೆ ಉಳಿಸಿಕೊಳ್ಳಬೇಕು. ಕಾರಿನ ಎರಡು ಪಕ್ಕಗಳಲ್ಲಿಯೂ ಚಕ್ರದ ನಡುವಿನ ಎತ್ತರಕ್ಕೆ ಸಮಾನಾಂತರವಾಗಿ ದಾರ ಬಿಗಿದು, ರಿಮ್ಮಿನ ಮುಂದಂಚು ಹಿಂದಂಚುಗಳಿಂದ ದಾರಕ್ಕಿರುವ ದೂರವನ್ನು ಅಳೆದು ಹೋಲಿಸಿದರೆ ಟೋ ಸಿಕ್ಕಿತು. ಪ್ರತಿ ಸಲ ಹೊಂದಿಸಿದ ಮೇಲೂ ಕಾರನ್ನು ಕೆಲವು ಗಜ ಮುಂದಕ್ಕೆ ತಳ್ಳಿ ಚಕ್ರಗಳು ನೆಲೆಗೊಂಡ ಮೇಲೆಯೇ ಮತ್ತೆ ಅಳೆಯಬೇಕು. ಬೇಕಾದರೆ ಈಗ ಕಂಪ್ಯೂಟರು ಯಂತ್ರದ ಬಳಿಗೂ ಹೋಗಬಹುದು. ಅದರ ಹಸಿರು ಅಂಕಿಗೆ ಈಗ ಬೆಲೆ ಉಂಟು.

ಬೀಳ್ಕೊಡುವ ಮುನ್ನ ಮೇಸ್ತ್ರಿ ಕಾರಿನ ಹಿಂಭಾಗವನ್ನು ತೋರಿಸಿ ಒಂದು ಎಚ್ಚರಿಕೆ ಹೇಳಿದನು. ಹೆರಾಲ್ಡಿನಲ್ಲಿಯೂ ಮೊದಲ ಕಾಲದ ಸ್ಪಿಟ್‌ಫೈರಿನಲ್ಲಿಯೂ ಹಿಂದಿನ ಒಂದೊಂದು ಅರೆ-ಅಚ್ಚೂ ನಡುವಿನಲ್ಲಿ ಮಾತ್ರ ಕೀಲುಗೊಂಡು ಹಕ್ಕಿಯ ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತದೆ. ತಿರುವಿನ ಮಧ್ಯದಲ್ಲಿ ಚಾಲಕನು ಹೆದರಿ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅಥವಾ ಬ್ರೇಕು ಒತ್ತಿದರೆ ಕಾರಿನ ಹಿಂಭಾಗ ಮೇಲೇಳುತ್ತದೆ. ಚಕ್ರಗಳ ಕೆಳಭಾಗ ಒಳಕ್ಕೆ ಮಡಿಚಿಕೊಂಡು ಹಿಡಿತ ತಪ್ಪುತ್ತದೆ. ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಇಂಥ ಅಚ್ಚಿದ್ದ ಅಮೆರಿಕದ ಷೆವ್ರೊಲೆ ಕೊರ್ವೇರ್ ಕಾರಿನ ಅಪಾಯವನ್ನು ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಎತ್ತಿ ಹೇಳಿದಾಗ ದೊಡ್ಡ ಕೋಲಾಹಲವಾಯಿತು. ಟ್ರಯಂಫ್ ಸಂಸ್ಥೆ 1970ರ ಸ್ಪಿಟ್‌ಫೈರಿನಲ್ಲಿ ಹಿಂದಿನ ಸ್ಪ್ರಿಂಗಿನ ಕಟ್ಟನ್ನು ಬದಲಾಯಿಸಿ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿತು. ಮದರಾಸಿನಲ್ಲಿಯೂ 1970ರ ದಶಕದಲ್ಲಿ ಹೆರಾಲ್ಡಿನ ಬಳಿಕ ಬಂದ ಗೆಜೆಲ್ ಕಾರಿಗೆ ಹಿಂದೆ ಒಂದೇ ಗಟ್ಟಿ ಅಚ್ಚನ್ನು ಕೊಟ್ಟರು.

“ತಿರುವಿಗೆ ಮುಂಚೆಯೇ ನಿಧಾನಿಸಿ,” ಎಂದನು ಮೇಸ್ತ್ರಿ. “ತಿರುವಿನೊಳಗೆ ಹೊಕ್ಕ ಮೇಲೆ ಕಾಲು ಅಲುಗಿಸಬೇಡಿ. ಇದನ್ನು ಯಾವ ಸ್ಪ್ಯಾನರಿನಿಂದಲೂ ಸರಿಮಾಡಲಾಗದು. ಇದು ಓಡಿಸುವವನ ಕೆಲಸ.”

ಹಳೆಯ ಕಾರಿದ್ದವರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಈ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿಸುವುದು ಒಳ್ಳೆಯದು: ಗಾಳಿ, ಟಯರು, ಬ್ರೇಕಿನ ಶಾಖ, ಎತ್ತರ, ಕೀಲು, ಬುಷ್, ಎಲ್ಲವೂ ಸರಿಯಿದ್ದರೆ ಮಾತ್ರ ಅಲೈನ್‌ಮೆಂಟ್. ಟ್ರನಿಯನ್ ಇರುವ ಕಾರಾದರೆ ಹೊಸ ಎಣ್ಣೆ ಒಳಹೋಗಿ ಹಳೆಯದು ಹೊರಗೆ ಇಣುಕುವವರೆಗೆ ಊಡಬೇಕು. ಕ್ರಮವನ್ನು ತಲೆಕೆಳಗು ಮಾಡಿದವರು ರೋಗವನ್ನು ವಾಸಿಮಾಡುವುದಿಲ್ಲ. ಅದು ಹೇಳುತ್ತಿದ್ದ ದೂರನ್ನು ಮಾತ್ರ ಅಡಗಿಸುತ್ತಾರೆ.

ಊಹೆಯ ಆ ತಾಯಿಮಕ್ಕಳ ಕಥೆಯನ್ನು ಮುಗಿಸಿಬಿಡಬಹುದು. ಮಳೆ ಕಳೆದ ಮೇಲೆ ಒಂದು ಮುಂಜಾನೆ ಕೆಂಪು ಕಾರು ಮೂಡಬಿದಿರೆಯಿಂದ ಹೊರಟಿತು. ವೇಣೂರಿನ ಗೊಮ್ಮಟನಿಗೆ ಕೈಮುಗಿದು, ಗುರುವಾಯನಕೆರೆಯನ್ನು ದಾಟಿ, ಬೆಳ್ತಂಗಡಿಯನ್ನು ಹಿಂದೆ ಹಾಕಿತು. ಉಜಿರೆಯ ಬಳಿ ಒಂದು ತಿರುವು ಕಳೆದಾಗ ತರುಣನು ಹಿಡಿತವನ್ನು ತುಸು ಸಡಿಲಿಸಿದನು. ಸ್ಟಿಯರಿಂಗು ಅವನ ಅಂಗೈಗಳ ನಡುವೆ ಜಾರಿ ತಾನಾಗಿಯೇ ನೇರಕ್ಕೆ ಬಂದು ನಿಂತಿತು.

“ನಿನ್ನ ಅಜ್ಜನ ಕೈಯಲ್ಲಿಯೂ ಹೀಗೆಯೇ ತಿರುಗುತ್ತಿತ್ತು,” ಎಂದಳು ತಾಯಿ.